ಆಯ್ತು ಅಂದವರ ಊಟ

ಗೇಟಿನ ಚಿಲಕಕ್ಕೆ ಕೈ ಹಾಕಿದ ಗಳಿಗೆಯಲ್ಲೇ ವಿಮಲಮ್ಮನಿಗೆ ಬೆಳಗಿನಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮೊದಲ ವಾಕ್ಯ ಮರೆತುಹೋಯಿತು. ಎರಡನೆಯದು ನೆನಪಿತ್ತು. 'ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ' ಅಂತ ಶುರುವಾಗುತ್ತಿತ್ತು ಅದು. ಆದರೆ ಯಾವುದರಿಂದ ಅನ್ನುವುದೇ ಹಾರಿಹೋದ ಮೇಲೆ ಬರೀ ಆದ್ದರಿಂದ, ಆದ್ದರಿಂದ ಅನ್ನುತ್ತಾ ಒಬ್ಬರ ಮನೆಯೊಳಕ್ಕೆ ಹೋಗುವುದು ಹೇಗೆ? ಹಿಂದೆ ರಸ್ತೆ ಬದಿಯಲ್ಲಿ ಫಕೀರೇಶ ವ್ಯಾನಿನ ಇಂಜಿನ್ ಆಫ್ ಮಾಡದೆ ಕಾಯುತ್ತಿದ್ದ. ವ್ಯಾನಿನೊಳಗೆ ಎರಡು ಡಬರಿ ಅನ್ನ, ಒಂದು ಡಬರಿ ಸಾರು, ಇನ್ನೂ ಹಬೆಯಾಡುತ್ತಾ. ಲಗ್ಗೆರೆಯಲ್ಲಿ ಕಟ್ಟಡದ ಕೆಲಸದವರಿಗೆ ಒಂದು ಗಂಟೆಗೆ ಬಿಡುವು, ಈಗಾಗಲೇ ಹನ್ನೆರಡೂ ಕಾಲು. "ಐದೇ ನಿಮಿಷ ಕಣಪ್ಪಾ, ಬಂದ್ಬಿಟ್ಟೆ" ಅಂದು ಇಳಿದಿದ್ದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎಂಟು ದಿನದಿಂದ ಅವನು ಹೀಗೇ. ಶಿರಹಟ್ಟಿ ಕಡೆಯವನು, ಮೊದಲು ತರಕಾರಿ ತರಲು ಹೋಗುವಾಗ ದಾರಿಯುದ್ದಕ್ಕೂ ಮಗಳ ಶಾಲೆಯ ಸುದ್ದಿ, ಮೆಣಸಿನಕಾಯಿ ಬೆಳೆಯ ಸುದ್ದಿ ಅಂತ ಒದರುತ್ತಿದ್ದವನು ಈಗ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಎದುರಿಗೆ ನೋಡುತ್ತಾನೆ.

ಬೈರಪ್ಪನವರ ಮನೆ ಸುಂಕದಕಟ್ಟೆಯಲ್ಲಿ, ಅವರದೇ ಕಲ್ಯಾಣ ಮಂಟಪದ ಮಗ್ಗುಲಿಗೆ. ಅವರಪ್ಪನ ಕಾಲಕ್ಕೆ ಅಲ್ಲೆಲ್ಲ ರಾಗಿ ಹೊಲವಂತೆ. ಆಷಾಢದಲ್ಲಿ ಮದುವೆಯಿಲ್ಲ, ಮಂಟಪಕ್ಕೆ ಬೀಗ. ಅದಕ್ಕೇ ತಿಂಗಳ ಹಿಂದೆ, "ಬೇಕಾದ್ರೆ ನಮ್ಮ ಅಡಿಗೆಮನೇಲಿ ಬೇಯಿಸ್ಕೊಳ್ಳಿ ಮೇಡಂ, ಸುಮ್ನೆ ತುಕ್ಕು ಹಿಡೀತಾ ಬಿದ್ದಿದೆ" ಅಂತ ಅವರೇ ಕೀಲಿ ಕೊಟ್ಟಿದ್ದರು. ಅದಕ್ಕೆ ಮುಂಚೆ ಬಸವೇಶ್ವರನಗರದಲ್ಲಿ ವಿಮಲಮ್ಮನ ಬಾಡಿಗೆ ಮನೆಯ ಕಾರ್ ಶೆಡ್ಡಿನಲ್ಲಿ ಅಡಿಗೆಯಾಗುತ್ತಿತ್ತು. ಮೇಲಿನ ಮನೆಯವರು ಒಗ್ಗರಣೆ ಘಾಟಿಗೆ ಸೀನಿ ಸೀನಿ ಓನರಿಗೆ ದೂರು ಕೊಟ್ಟು, ಓನರು ಇನ್ನೊಂದು ಸಲ ಒಲೆ ಹಚ್ಚಿದರೆ ಮನೆ ಖಾಲಿ ಮಾಡಿ ಅಂದಿದ್ದರು. ಇನ್ನೆರಡು ದಿನಕ್ಕೆ ಶ್ರಾವಣ, ಮಂಟಪ ಮದುವೆಯವರ ಪಾಲು. ಹೋಗಲಿ, ಹಿತ್ತಲಲ್ಲಿ ಬೀಗರೂಟಕ್ಕೆ ಅಂತಲೇ ಕಟ್ಟಿದ ಒಂದು ಶೆಡ್ಡಿದೆಯಲ್ಲ, ವರ್ಷಕ್ಕೆ ಹತ್ತು ದಿನ ಅಲ್ಲಿ ಒಲೆ ಉರಿದರೆ ಹೆಚ್ಚು, ಅದನ್ನಾದರೂ ಕೊಡಬಾರದೇ? ನಿನ್ನೆ ಫೋನಿನಲ್ಲಿ ಕೇಳಿದ್ದಳು. "ಇಲ್ಲ ಮೇಡಂ, ಮುಂದೆ ಆಗಲ್ಲ" ಅಂದುಬಿಟ್ಟಿದ್ದರು ಬೈರಪ್ಪ. ಯಾಕೆ ಅಂತ ಹೇಳಿರಲಿಲ್ಲ. ಅವರು ಇವತ್ತೂ ಇಲ್ಲ ಅಂದರೆ ಶನಿವಾರದಿಂದ ವ್ಯಾನು ನಿಂತ ಹಾಗೇ. ಇದೊಂದು ಮಾತು ಅವಳ ತಲೆಯೊಳಗೆ ರಾತ್ರಿಯೆಲ್ಲ ಕೂತು ಎದ್ದು ಮಾಡಿತ್ತು.

ಫೋನಿನಲ್ಲಿ ಅವಳು ಬೇರೆಯೇ ಹೆಂಗಸು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತವಳು, ಜಿಲ್ಲಾಧಿಕಾರಿಗಳಿಗೇ "ಲೈನಿನಲ್ಲಿರಿ" ಅಂತ ಅಪ್ಪಣೆ ಕೊಟ್ಟವಳು. ದಾವಣಗೆರೆಯ ಮಂಡಿಯವರು, ಕೋಲಾರದ ಲಾಯರುಗಳು ಎಲ್ಲರೂ ಆ ದನಿಗೆ ಸುಮ್ಮನಾಗುತ್ತಿದ್ದರು. ಆದರೆ ಅದೆಲ್ಲ ಯಾರದೋ ಮಾತನ್ನು ಇನ್ಯಾರಿಗೋ ಜೋಡಿಸುವ ಕೆಲಸ. ಎದುರಿಗೆ ನಿಂತು, ಮುಖ ನೋಡಿ, ನನಗಿದು ಬೇಕು ಅನ್ನುವುದು ಅವಳ ಜನ್ಮದಲ್ಲೇ ಬಂದದ್ದಲ್ಲ. ರಿಟೈರಾದ ಮೇಲೆ ಹಸಿದವರಿಗೆ ಬಿಟ್ಟಿ ಊಟ ಹಂಚುವ ಈ ವ್ಯಾನು ಶುರುಮಾಡಿದಾಗಿನಿಂದ ಅದೆಷ್ಟು ಕಡೆ ಹೋಗಿ ಬಂದಳು! ಹೋದವಳು ಅವರ ಯೋಗಕ್ಷೇಮ, ಮಕ್ಕಳ ಓದು, ಮಳೆ, ಕಾವೇರಿ ನೀರು ಯಾವತ್ತು ಬಿಡುತ್ತಾರೆ ಅನ್ನುವುದೆಲ್ಲ ಮಾತಾಡಿ, ಕಾಫಿ ಬೇಡ ಅಂದು, ಎದ್ದು ಬರುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನೆಲಕ್ಕೆ ಹೇಳಿದ ಹಾಗೆ ಹೇಳುವಳು: "ಏನೋ, ನಿಮ್ಮಿಂದಾದ್ರೆ ಸ್ವಲ್ಪ..." ಅವರಿಗಾದರೂ ಏನು ಗೊತ್ತಾಗಬೇಕು. ರಾಜಾಜಿನಗರದ ಒಂದು ಅಂಗಡಿಯವರ ಸಂಘ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿತು. ವಿಜಯನಗರದ ಹಿರಿಯರ ಬಳಗವೂ ಶಾಲು ಹೊದಿಸಿತು. ಅಕ್ಕಿ ಕೇಳಲು ಹೋದಲ್ಲೆಲ್ಲ ಶಾಲು ಬಂದು, ಬೀರುವಿನಲ್ಲಿ ಈಗ ಏಳು ಶಾಲುಗಳಿವೆ. ಅವನ್ನೇ ಬೇಯಿಸಿ ಬಡಿಸುವ ಹಾಗಿದ್ದರೆ ಲಗ್ಗೆರೆಯೇನು, ಕೆಂಗೇರಿಯವರೆಗೂ ಹಂಚಬಹುದಿತ್ತು ಅಂತ ಅವಳಿಗೆ ನಗು ಬರುತ್ತದೆ. ನಗು ಬಂದ ಮರುಗಳಿಗೆಗೆ ನಾಚಿಕೆಯೂ ಆಗುತ್ತದೆ.

"ಅಯ್ಯೋ, ವಿಮಲಮ್ಮೋರು! ಬಿಸಿಲಲ್ಲಿ ಯಾಕೆ ನಿಂತ್ಬಿಟ್ರಿ, ಬನ್ನಿ ಬನ್ನಿ." ಬೈರಪ್ಪನವರ ಹೆಂಡತಿ ಯಶೋದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಅವರ ಹಿಂದೆಯೇ ಬಸ್ಸಾರಿನ ಘಮ ಬಂತು. ಹುರುಳಿಕಾಳಿನದು, ಬೆಳ್ಳುಳ್ಳಿ ಜಾಸ್ತಿ ಹಾಕಿದ್ದು. ವಿಮಲಮ್ಮನ ಹೊಟ್ಟೆ ಎಲ್ಲರಿಗೂ ಕೇಳಿಸುವ ಹಾಗೆ ಗುಳುಗುಳು ಅಂದಿತು. ಬೆಳಗ್ಗೆ ಐದಕ್ಕೆ ಕುಡಿದ ಒಂದು ಲೋಟ ಕಾಫಿಯ ಮೇಲೆ ಇದ್ದಾಳೆ. ಡಬರಿಗಳಿಂದ ಒಂದು ತುತ್ತು ಮುಟ್ಟುವುದಿಲ್ಲ, ಬಡವರ ಊಟ ತಾನು ತಿಂದಳು ಅನ್ನಿಸಿಕೊಳ್ಳಬಾರದು ಅಂತ ಒಂದು ಹಟ. ಮನೆಗೆ ಹೋಗಿ ತಿನ್ನುವ ಹೊತ್ತಿಗೆ ಮೂರು ಗಂಟೆ.

"ಊಟ ಆಯ್ತಾ?" ಯಶೋದಮ್ಮ ಕೇಳಿದರು.

"ಆಯ್ತು ಆಯ್ತು. ನಿಮ್ದಾಯ್ತಾ?"

ನಾಲಿಗೆ ತಾನೇ ಹೇಳಿತು. ಕೂತಳು. ಕೈಗೆ ನೀರಿನ ಲೋಟ ಬಂತು, ಒಂದೇ ಉಸಿರಿಗೆ ಕುಡಿದಳು. ಬೈರಪ್ಪ ಆಗ ತಾನೇ ಊಟ ಮುಗಿಸಿ, ತುಂಬು ಹೊಟ್ಟೆಯ ಮೇಲೆ ಪಂಚೆ ಸಡಿಲ ಮಾಡಿಕೊಳ್ಳುತ್ತಾ ಒಳಗಿನಿಂದ ಬಂದು, ಎದುರಿನ ಕುರ್ಚಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಸವರತೊಡಗಿದರು. ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. ವಿಮಲಮ್ಮ ಮಳೆಯ ವಿಷಯ ಎತ್ತಿದಳು. ಮಳೆ ಈ ಸಲ ಪರವಾಗಿಲ್ಲ ಅಂದರು ಅವರು. ಮಾಗಡಿ ರೋಡಿನ ಟ್ರಾಫಿಕ್ಕಿನ ವಿಷಯ ಎತ್ತಿದಳು. ಅದೂ ಆಯಿತು. ಹೊರಗೆ ಫಕೀರೇಶ ಒಂದು ಸಲ ಹಾರನ್ ಹೊಡೆದ. ಈಗ ಚಪ್ಪಲಿ ಹಾಕಿಕೊಳ್ಳುವ ತನಕ ಕಾಯುವ ಹಾಗಿಲ್ಲವಲ್ಲ ಅಂದುಕೊಂಡಳು.

ಬೈರಪ್ಪನವರೇ ಶುರುಮಾಡಿದರು. "ನೋಡಿ ಮೇಡಂ, ಮುಚ್ಚುಮರೆ ಯಾಕೆ. ಎಂಟು ದಿನದಿಂದ ನಿಮ್ಮ ವ್ಯಾನು ಅರ್ಧ ಅನ್ನ ವಾಪಸ್ ತರ್ತಾ ಇದೆ. ಕೊಟ್ಟಿಗೆಗೆ ಹಾಕಿ ಅಂತ ನೀವೇ ಕಳಿಸ್ತೀರಿ. ನಮ್ಮ ಹಸುಗಳು ಅನ್ನಾ ಸಾರು ತಿಂದು ರುಚಿ ಹತ್ತಿ ಈಗ ಹುಲ್ಲು ಮೂಸಲ್ಲ. ಏನಪ್ಪಾ ಇದು ಅಂತ ಮೊನ್ನೆ ಮಂಗಳವಾರ ನಾನೇ ಸ್ಕೂಟರ್ ಹಾಕ್ಕೊಂಡು ಲಗ್ಗೆರೆಗೆ ಹೋದೆ. ಆ ನಾಲ್ಕಂತಸ್ತಿನ ಕಟ್ಟಡ ಏಳ್ತಾ ಇದ್ಯಲ್ಲ, ಅಲ್ಲೇ. ಒಬ್ಬೊಬ್ಬರನ್ನೇ ಮಾತಾಡಿಸ್ದೆ. ಊಟ ಆಯ್ತೇನಪ್ಪಾ ಅಂದೆ. ಆಗೇತ್ರಿ ಅಂದ. ನಿಂದಾಯ್ತೇನಮ್ಮಾ? ಆಗೇತ್ರಿ. ಮೂವತ್ತು ಜನ ಮೇಡಂ, ಲೆಕ್ಕ ಹಾಕಿದೀನಿ. ಒಬ್ಬನಂತೂ ತೇಗಿ ತೋರಿಸ್ದ. ಹಸಿದೋರಿಗೆ ಅಂದ್ರೆ ಶೆಡ್ಡೇನು, ಮಂಟಪಾನೇ ಕೊಡ್ತಿದ್ದೆ. ಉಂಡೋರಿಗೆ ಉಣ್ಸೋಕೆ ನಾನ್ಯಾಕೆ ಒಲೆ ಕೊಡ್ಲಿ, ನೀವೇ ಹೇಳಿ?"

ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ವಿಮಲಮ್ಮನಿಗೆ ಹೆಚ್ಚು ಕಷ್ಟವಾದದ್ದು. ಜಿಪುಣನಾಗಿದ್ದರೆ ಮನಸ್ಸಿನಲ್ಲಿ ನಾಲ್ಕು ಬೈದು ಎದ್ದು ಹೋಗಬಹುದಿತ್ತು. ಅರ್ಧ ಅನ್ನ ವಾಪಸ್ ಬರುತ್ತಿದೆ ಅನ್ನುವುದು ನಿಜ. ಎಂಟು ದಿನದ ಹಿಂದಿನವರೆಗೆ ಡಬರಿಯ ತಳ ಕೆರೆದು ಬರುತ್ತಿದ್ದ ವ್ಯಾನು ಇದ್ದಕ್ಕಿದ್ದ ಹಾಗೆ ಅರ್ಧ ಹೊತ್ತು ತಂದರೆ ಏನು ತಿಳಿಯುವುದು? ಫಕೀರೇಶನನ್ನು ನಿಲ್ಲಿಸಿ, "ಎಲ್ಲಾ ಕಡೆ ಹೋಗಿದ್ಯಾ, ಇಲ್ಲ ಎಲ್ಲಾದ್ರೂ ನೆರಳಲ್ಲಿ ಹಾಕ್ಕೊಂಡು ನಿದ್ದೆ ಹೊಡ್ದ್ಯಾ?" ಅಂತ ಕೇಳಿಬಿಟ್ಟಿದ್ದಳು. ಕೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡಿದ್ದಳು. ಅವನು "ಹೋಗೇನ್ರಿ" ಅಂದ, ಅಷ್ಟೇ, ಅವತ್ತಿನಿಂದ ಮೌನ. ಅದಕ್ಕೆ ಹಿಂದಿನ ದಿನವೂ ಅವನನ್ನು ತಿದ್ದಿದ್ದಳಲ್ಲ. ಅಪರೂಪಕ್ಕೆ ವ್ಯಾನಿನ ಜೊತೆ ಲಗ್ಗೆರೆಗೆ ಹೋಗಿದ್ದಾಗ ನೋಡಿದಳು: ಇವನು ವ್ಯಾನು ನಿಲ್ಲಿಸಿ, ಡಬರಿ ಮುಚ್ಚಳವನ್ನು ಸೌಟಿನಿಂದ ಡಣಡಣ ಬಡಿದು, "ತಾಟ ತರ್ರಲೇ! ಆರತೈತಿ! ಏಯ್, ನಿಂಗೇನ್ ಬ್ಯಾರೆ ಹೇಳ್ಬೇಕೇನ್ ಬಾರಲೇ!" ಅಂತ ಕೂಗುತ್ತಿದ್ದ. ಛೆ, ಇದೇನು ಜನರನ್ನು ಹೀಗಾ ಕರೆಯುವುದು? ಅನ್ನ ಕೊಡುತ್ತೇವೆ ಅಂತ ಮರ್ಯಾದೆ ಕಳೆಯುವುದಾ? ಅವಳು ಮೆತ್ತಗೆ ತಿಳಿಸಿ ಹೇಳಿದ್ದಳು. "ನೋಡಪ್ಪಾ, ಹಾಗೆ ಕೂಗಬಾರದು. ಒಬ್ಬೊಬ್ಬರ ಹತ್ರಾನೂ ಹೋಗಿ ಮರ್ಯಾದೆಯಿಂದ, ಊಟ ಆಯ್ತಾ ಅಂತ ಕೇಳ್ಬೇಕು. ಆಗಿಲ್ಲ ಅಂದೋರಿಗೆ ಬಡಿಸ್ಬೇಕು."

ಹೊಟ್ಟೆ ಮತ್ತೆ ಗುಳುಗುಳು ಅಂದಿತು. ಅವಳ ಕೈಯಲ್ಲಿದ್ದ ಖಾಲಿ ಲೋಟ ಅಲ್ಲೇ ನಿಂತಿತು.

ಆಯ್ತು ಆಯ್ತು, ನಿಮ್ದಾಯ್ತಾ? ಯಾರು ಹಾಗಂದದ್ದು? ಅವಳೇ, ಹತ್ತು ನಿಮಿಷದ ಹಿಂದೆ, ಇದೇ ಮನೆಯ ಬಾಗಿಲಲ್ಲಿ. ಖಾಲಿ ಹೊಟ್ಟೆಯಲ್ಲಿ, ಬಸ್ಸಾರಿನ ಘಮಕ್ಕೆ ಬಾಯಲ್ಲಿ ನೀರೂರುತ್ತಿದ್ದಾಗ. ಸುಳ್ಳು ಹೇಳುತ್ತಿದ್ದೇನೆ ಅಂತ ಗೊತ್ತಾಗಲೂ ಇಲ್ಲ. ಅದು ಸುಳ್ಳೂ ಅಲ್ಲವಲ್ಲ! ಒಬ್ಬರ ಮನೆ ಬಾಗಿಲಲ್ಲಿ ನಿಂತು, ಇಲ್ಲ, ನನ್ನ ಊಟ ಆಗಿಲ್ಲ ಅಂತ ಯಾವ ಮಾನವಂತರು ಹೇಳುತ್ತಾರೆ? ಎಕ್ಸ್‌ಚೇಂಜಿನಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ಬುತ್ತಿ ತಾರದ ದಿನ ಎಲ್ಲರೂ ಡಬ್ಬಿ ಬಿಚ್ಚುವಾಗ ಅವಳು ಬೋರ್ಡಿನ ಕಡೆ ತಿರುಗಿ ಕೂರುತ್ತಿದ್ದಳು, 'ನಂದು ಮನೇಲೇ ಆಯ್ತು ಕಣ್ರೇ' ಅನ್ನುತ್ತಿದ್ದಳು. ಮೂವತ್ತೈದು ವರ್ಷ ಅನ್ನುತ್ತಲೇ ಬಂದಿದ್ದಾಳೆ. ಅದನ್ನೇ ಈಗ ಮರ್ಯಾದೆ ಅಂತ ಫಕೀರೇಶನಿಗೆ ಕಲಿಸಿಕೊಟ್ಟಳು! ಅವನು ಪಾಪ ಕಲಿತದ್ದನ್ನು ಒಪ್ಪಿಸಿದ. ಎದುರಿಗೆ ನಿಂತು ಊಟ ಆಯ್ತಾ ಅಂದ, ಹೋದ ಕಡೆಯೆಲ್ಲ ಮಾನವಂತರು ಆಯ್ತು ಅಂದರು, ಅರ್ಧ ಅನ್ನ ಹಸುವಿಗೆ ಹೋಯಿತು. ಅಯ್ಯೋ ನನ್ನ ಮುಖಕ್ಕಿಷ್ಟು, ಇದೆಲ್ಲ ನಾನೇ ಮಾಡಿದ್ದು ಅಂತ ವಿಮಲಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದುಬಿಟ್ಟವು. ನಗುವೇ ಮೊದಲು ಹೊರಗೆ ಬಿತ್ತು.

ಬೈರಪ್ಪ ಎಲೆ ಮಡಿಸುವುದನ್ನು ನಿಲ್ಲಿಸಿದರು. "ಯಾಕೆ ಮೇಡಂ?"

"ಬೈರಪ್ಪನವರೇ." ಫೋನಿನ ದನಿ ಎಲ್ಲಿ ಹೋಯಿತೋ, ಇದು ಅವಳಿಗೇ ಗುರುತಿಲ್ಲದ ದನಿ. "ನನ್ನ ಊಟ ಆಗಿಲ್ಲ."

"ಆಂ?"

"ಬೆಳಗ್ಗೆಯಿಂದ ಏನೂ ತಿಂದಿಲ್ಲ. ಹೊಟ್ಟೆ ಹಸಿದಿದೆ. ಬಸ್ಸಾರು ವಾಸನೆ ಬರ್ತಾ ಇದೆ, ತಡ್ಕೊಳ್ಳೋಕಾಗ್ತಾ ಇಲ್ಲ."

"ಅಲ್ಲಾ, ಇವಳು ಕೇಳ್ದಾಗ ಆಯ್ತು ಅಂದ್ರಿ! ನಾನು ಒಳಗಿಂದ ಕೇಳಿಸ್ಕೊಂಡೆ!"

"ಅಂದೆ. ಮತ್ತೇನು ಅನ್ಬೇಕಿತ್ತು? ನಿಮ್ಮನೆ ಹೊಸಿಲು ದಾಟಿದೋಳು ಬಂದವಳೇ ಬಡಿಸಿ ಅನ್ಬೇಕಿತ್ತಾ? ನೀವು ನಮ್ಮನೆಗೆ ಬಂದು ಎರಡು ಸಲ ಕೂತಿದ್ರಲ್ಲ, ಎರಡು ಸಲಾನೂ ಆಯ್ತು ಅಂದ್ರಿ. ಆಗಿತ್ತಾ?"

ಬೈರಪ್ಪ ಹೆಂಡತಿಯ ಮುಖ ನೋಡಿದರು. ಯಶೋದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. "ಎಲ್ಲಿ ಆಗಿತ್ತು? ಮನೆಗೆ ಬಂದೋರೇ ಮೂರು ಮುದ್ದೆ ನುಂಗಿದ್ರಿ," ಅಂದರು. ಆಮೇಲೆ ಗಂಡನಿಗೆ ಹೇಳಬೇಕಾದ ಉಳಿದದ್ದನ್ನು ತಾವೇ ಹೇಳಿದರು. "ಅಲ್ಲಾ ರೀ, ನೀವು ಬರಿಗೈಲಿ ಸ್ಕೂಟರ್ ಮೇಲೆ ಹೋಗಿ, ಮೀಸೆ ತಿರುವ್ಕೊಂಡು ಊಟ ಆಯ್ತಾ ಅಂದ್ರೆ, ಇಲ್ಲ ಸ್ವಾಮಿ ಹಸ್ಕೊಂಡಿದೀನಿ ಅಂತ ಯಾರಾದ್ರೂ ಅಂತಾರಾ? ಮೇಲೇಳಿ ವಿಮಲಮ್ಮೋರೆ, ಕೈ ತೊಳ್ಕೊಳ್ಳಿ. ಮೊದಲ್ನೇ ಸಲ ಆಯ್ತು ಅಂತೀರಿ, ಎರಡ್ನೇ ಸಲ ಬಲವಂತ ಮಾಡಿ ಏಳಿಸೋಣ ಅಂತ ನಾನು ಕಾಯ್ತಾನೇ ಇದ್ದೆ. ಇವರು ಮಧ್ಯೆ ಭಾಷಣ ಶುರುಮಾಡಿದ್ರು."

ಬಿಸಿ ಮುದ್ದೆ, ಬಸ್ಸಾರು, ಮೇಲೆ ಒಂದು ಮಿಳ್ಳೆ ತುಪ್ಪ. ವಿಮಲಮ್ಮ ಇಷ್ಟು ಆತುರವಾಗಿ, ಇಷ್ಟು ಸಂತೋಷವಾಗಿ ಯಾರ ಮನೆಯಲ್ಲೂ ಉಂಡಿರಲಿಲ್ಲ. ಇನ್ನರ್ಧ ಮುದ್ದೆ ಅಂದಾಗ ಬೇಡ ಅನ್ನಲು ಕೈ ಅಡ್ಡ ಹೋಯಿತು, ಅದನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು. ಬೈರಪ್ಪ ಬಾಗಿಲಲ್ಲಿ ನಿಂತು, ಗಟ್ಟಿಯಾಗಿ, ಯಾರಿಗೂ ಅಲ್ಲದ ಹಾಗೆ, "ಮೂವತ್ತು ಜನಾನೂನಾ? ಆ ತೇಗಿದವನೂನಾ?" ಅನ್ನುತ್ತಿದ್ದರು. ಹೊರಗೆ ಹಾರನ್ನು ಎರಡನೆಯ ಸಲ, ಮೂರನೆಯ ಸಲ ಕೂಗಿತು. "ನಡೀರಿ, ನಾನೂ ಬರ್ತೀನಿ, ನೋಡೇಬಿಡೋಣ," ಅಂದು ಅವರು ಅಂಗಿ ತೊಟ್ಟರು.

ವ್ಯಾನಿನಲ್ಲಿ ಮುಂದೆ ಮೂರು ಜನ ಒತ್ತಿಕೊಂಡು ಕೂತರು. ರಿಂಗ್ ರೋಡ್ ಸೇರುವವರೆಗೂ ವಿಮಲಮ್ಮ ಸೆರಗಿನ ತುದಿ ಸುತ್ತಿ ಬಿಚ್ಚಿ ಮಾಡಿದಳು. ಬೈರಪ್ಪನವರ ಎದುರಿಗೇ ಹೇಳಬೇಕಾ? ಎದುರಿಗೇ ಹೇಳಬೇಕು, ಇಲ್ಲದಿದ್ದರೆ ಅದು ಹೇಳಿದ ಹಾಗಲ್ಲ. "ಫಕೀರೇಶಾ, ತಪ್ಪಾಯ್ತಪ್ಪಾ. ನೀನು ಕರೀತಿದ್ದದ್ದೇ ಸರಿ. ನಿದ್ದೆ ಹೊಡ್ದ್ಯಾ ಅಂದ್ನಲ್ಲ, ಅದನ್ನ ಮರೆತುಬಿಡು."

ಅವನು ಗೇರ್ ಬದಲಾಯಿಸಿದ. "ಹೋಗ್ಲಿ ಬಿಡ್ರಿ ಅಮ್ಮಾರ."

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ? ಹೀಗೆ ಕೇಳಿದ್ರೆ ಯಾರೂ ತಿನ್ನಲ್ಲ ಅಂತ?"

"ಏನ್ ಹೇಳ್ಲಿ? ಮಂದಿ ಉಪಾಸ ಕುಂತು ಆಗೇತಿ ಅಂತಾರ್ರಿ ಅಂತ ನಿಮ್ಗ ಹೇಳಿದ್ರ, ಅವ್ರ ಮಾನ ನಾ ಕಳದಂಗ ಆಗೂದಿಲ್ಲೇನ್ರಿ?" ಅಂದ. ಎಂಟು ದಿನದ ಮೇಲೆ ಮೊದಲ ಸಲ, ಹಲ್ಲು ತೋರಿಸಿ ನಕ್ಕ. "ಮತ್ತ ನೀವು ಹೇಳಿಕೊಟ್ಟಂಗ ಕೇಳೂದು ನನಗೂ ಬಾಳ ನಾಚಿಕಿ ಬರ್ತಿತ್ರಿ. ಬೀಗರ ಮನ್ಯಾಗ ಕೇಳಿದಂಗ." ಆಮೇಲೆ ಲಗ್ಗೆರೆ ಮುಟ್ಟುವ ತನಕ ಮಗಳು ಕನ್ನಡದಲ್ಲಿ ಎಷ್ಟು ನಂಬರ್ ತೆಗೆದಳು ಅಂತ ಹೇಳಿದ. ಕೇಳುತ್ತಾ ಕೇಳುತ್ತಾ ವಿಮಲಮ್ಮನ ಕಣ್ಣು ತುಂಬಿತು. ಪಕ್ಕದ ಕಿಟಕಿಯ ಧೂಳು ಅಂತ ಒರೆಸಿಕೊಂಡಳು.

ಕಟ್ಟಡದ ಎದುರಿಗೆ ಮರಳಿನ ರಾಶಿ, ಜಲ್ಲಿ ರಾಶಿ, ಅದರ ನೆರಳಲ್ಲಿ ಜನ. ಒಬ್ಬರೂ ವ್ಯಾನಿನ ಕಡೆ ತಿರುಗಲಿಲ್ಲ. ಎಂಟು ದಿನದ ಪ್ರಶ್ನೆ ಮತ್ತೆ ಬರುತ್ತದೆ ಅಂತ ಮುಖ ಬಿಗಿದುಕೊಂಡು ಕೂತ ಹಾಗಿತ್ತು. ಫಕೀರೇಶ ಇಳಿದವನು ವಿಮಲಮ್ಮನ ಮುಖ ನೋಡಿದ. ಅವಳು ಸೌಟು ತೆಗೆದು ಅವನ ಕೈಗೆ ಕೊಡಬೇಕು ಅಂತಿದ್ದಳು. ಏನನ್ನಿಸಿತೋ, ತಾನೇ ಡಬರಿ ಮುಚ್ಚಳಕ್ಕೆ ಡಣ್ ಅಂತ ಒಂದು ಏಟು ಕೊಟ್ಟಳು. "ತಟ್ಟೆ ತನ್ರೋ! ಆರೋಗ್ತಾ ಇದೆ!" ಅಂತ ಕೂಗಿದಳು. ದನಿ ಕೀರಲಾಗಿ ಎಲ್ಲಿಗೋ ಹೋಯಿತು. ಇಡೀ ಕಟ್ಟಡ ಅವಳ ಕಡೆ ತಿರುಗಿತು. ಆಮೇಲೆ ಯಾರೋ ಕಿಸಕ್ಕಂದರು. "ತಾಟ ಅನ್ರಿ ಅಮ್ಮಾರ, ತಾಟ!" ಅಂದ ಫಕೀರೇಶ. "ತಾಟ ತರ್ರೋ!" ಅಂದಳು ಅವಳು. ನಗು ಮೂರನೆಯ ಅಂತಸ್ತಿನವರೆಗೂ ಏರಿತು, ಅಲ್ಲಿಂದ ಜನ ಇಳಿದರು. ಅಲ್ಯೂಮಿನಿಯಂ ತಟ್ಟೆ, ಸ್ಟೀಲಿನ ಡಬ್ಬಿಯ ಮುಚ್ಚಳ, ಒಬ್ಬ ಸಿಮೆಂಟಿನ ಬಾಂಡಲಿಯನ್ನೇ ತೊಳೆದು ತಂದ. ಅವನೇ ಮೊನ್ನೆ ತೇಗಿದವನು ಅಂತ ಬೈರಪ್ಪ ವಿಮಲಮ್ಮನ ಕಿವಿಯಲ್ಲಿ ಹೇಳಿದರು. ಹೇಳುವಾಗ ಅವರ ದನಿ ಚಿಕ್ಕದಾಗಿತ್ತು.

ಇಟ್ಟಿಗೆ ಹೊರುವ ಕಸ್ತೂರೆವ್ವ, ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ತನ್ನ ತಟ್ಟೆ ತುಂಬಿಸಿಕೊಂಡು ತಿರುಗಿದವಳು ಬೈರಪ್ಪನವರನ್ನು ಕಂಡು ನಿಂತಳು. "ಮೊನ್ನೆ ಬಂದಿದ್ರಲ್ರೀ, ನೀವೇ ಅಲ್ರೀ? ಎಲ್ಲಾರ್ನೂ ಮಾತಾಡ್ಸಿದ್ರಿ."

"ಹೂಂನವ್ವಾ," ಅಂದರು ಬೈರಪ್ಪ, ಮೀಸೆ ಸವರಿಕೊಳ್ಳಲು ಹೋಗಿ ಕೈ ಇಳಿಸಿದರು.

"ಬರ್ರಿ, ಊಟ ಮಾಡೂಣು."

"ಬೇಡವ್ವಾ, ನಂದು ಊಟ ಆಯ್ತು."

"ಹಂಗ ಅಂತೀರಿ."

"ನಿಜವಾಗ್ಲೂ ಆಯ್ತವ್ವಾ! ಮನೇಲಿ ಮುದ್ದೆ ಉಂಡು ಬಂದೆ. ಬೇಕಾದ್ರೆ ಮೇಡಂನ ಕೇಳು!"

ಕಸ್ತೂರೆವ್ವ ಕೇಳಲಿಲ್ಲ. ವಿಮಲಮ್ಮನೂ ಬಾಯಿ ಬಿಡಲಿಲ್ಲ. ಆಕೆ ತನ್ನ ತಟ್ಟೆಯನ್ನೇ ಅವರ ಕೈಯಲ್ಲಿಟ್ಟು, ಇನ್ನೊಂದು ತರಲು ವ್ಯಾನಿನ ಕಡೆ ಹೋದಳು. ಬೈರಪ್ಪ ಆಚೆ ನೋಡಿದರು, ಈಚೆ ನೋಡಿದರು. ಸುತ್ತ ಕೂತವರು ಜರುಗಿ ಜಾಗ ಮಾಡಿದರು. ಮರಳಿನ ಮೇಲೆ ಪಂಚೆ ಮಡಚಿಕೊಂಡು ಅವರು ಕೂತರು. ಒಂದು ತುತ್ತು, ಎರಡು ತುತ್ತು. ತೇಗಿದವನು ತನ್ನ ಉಪ್ಪಿನಕಾಯಿ ಪೊಟ್ಟಣದಿಂದ ಒಂದು ಹೋಳು ಅವರ ತಟ್ಟೆಗೆ ಹಾಕಿದ. ತಲೆ ತಗ್ಗಿಸಿಯೇ ಉಣ್ಣುತ್ತಿದ್ದರು. ತಟ್ಟೆ ಅರ್ಧ ಖಾಲಿಯಾದ ಮೇಲೆ, ತಲೆ ಎತ್ತದೆ, ಬಾಯಲ್ಲಿ ಅನ್ನವಿಟ್ಟುಕೊಂಡೇ ಕೇಳಿದರು: "ಮೇಡಂ, ಶನಿವಾರ ಎಷ್ಟೊತ್ತಿಗೆ ಒಲೆ ಹಚ್ಬೇಕು ನಿಮಗೆ?"

ನಿಮಗೆ ಹೇಗೆ ಅನುಕೂಲವೋ ಹಾಗೆ ಅನ್ನುವ ಮಾತು ವಿಮಲಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದಳು. ಬಗ್ಗಿ, ಅವರ ಮುಖ ಸರಿಯಾಗಿ ಕಾಣುವ ಹಾಗೆ ನಿಂತಳು.

"ಆರು ಗಂಟೆಗೆ. ಶೆಡ್ಡಿನ ಕೀಲಿ ಐದೂವರೆಗೇ ಬೇಕು. ಸೌದೆ ಬೇಕು. ಮಂಟಪದ ದೊಡ್ಡ ಹಂಡೆ ಎರಡು ಬೇಕು."

"ಆಯ್ತು," ಅಂದರು ಬೈರಪ್ಪ.

"ಈಳಿಗೆ ಮಣೆ ಬೇಕು. ಹೆಚ್ಚೋಕೆ ಯಶೋದಮ್ಮೋರು ಬೇಕು."

"ಆಯ್ತಮ್ಮಾ, ಆಯ್ತು, ಉಣ್ಣೋಕೆ ಬಿಡಿ!"